ಹೆಸರು ಮತ್ತು ಕಥನ: ದೆಹಲಿಯ ರಾಷ್ಟ್ರೀಯ ಯುದ್ಧಸ್ಮಾರಕವನ್ನು ಶಾಸನವಾಗಿ ಓದುವ ಬಗೆ

ಯುದ್ಧದಲ್ಲಿ ಮಡಿದವರ ನೆನಪಿಗೆ ನಿಲ್ಲಿಸಿದ ಕಲ್ಲನ್ನು ಬರಹವೆಂದು ಪರಿಭಾವಿಸಿ ಓದುವ ಪದ್ಧತಿ ಕನ್ನಡ ವಿದ್ವತ್ತಿಗೆ ಹೊಸದಲ್ಲ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳು ವೀರಗಲ್ಲುಗಳ ಪಾಠವನ್ನು ಒದಗಿಸಿಕೊಟ್ಟ ಮೇಲೆ ಎಂ. ಚಿದಾನಂದಮೂರ್ತಿಯವರು ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಅವುಗಳ ಹಿಂದಿರುವ ಸಮಾಜವನ್ನು ಗುರುತಿಸಿದರು. ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’, ಎಸ್. ಶೆಟ್ಟರ್ ಹಾಗೂ ಗುಂಥರ್ ಸೊಂಥೈಮರ್ ಸಂಪಾದಿಸಿದ ‘ಮೆಮೊರಿಯಲ್ ಸ್ಟೋನ್ಸ್’ (1982) ಕೃತಿಗಳು ಆ ಅಧ್ಯಯನವನ್ನು ವಿಸ್ತರಿಸಿದವು. ಆದರೆ ಈ ಓದಿನ ಕ್ರಮ ಸಾಮಾನ್ಯವಾಗಿ ಪಾಳೆಯಗಾರರ ಕಾಲಕ್ಕೆ ಬಂದು ನಿಂತುಬಿಡುತ್ತದೆ. ಆಧುನಿಕ ಯುದ್ಧಸ್ಮಾರಕವನ್ನು ವಾಸ್ತುಶಿಲ್ಪದವರಿಗೂ ದಿನಪತ್ರಿಕೆಗಳಿಗೂ ಬಿಟ್ಟುಕೊಟ್ಟಂತಾಗಿದೆ. ದೆಹಲಿಯಲ್ಲಿ 2019ರ ಫೆಬ್ರವರಿ 25ರಂದು ಉದ್ಘಾಟನೆಗೊಂಡ ರಾಷ್ಟ್ರೀಯ ಯುದ್ಧಸ್ಮಾರಕದ ಗೋಡೆಗಳ ಮೇಲೆ ಅಂದು 25,942 ಹೆಸರುಗಳಿದ್ದವು. ಅಷ್ಟು ವಿಸ್ತಾರವಾದ ಶಿಲಾಲೇಖವೊಂದನ್ನು ಶಾಸನ ಬಲ್ಲವರು ಓದದೆ ಬಿಡುವುದು ಉಚಿತವಲ್ಲ. ಅದು ಏನನ್ನು ಬರೆಯುತ್ತದೆ, ಏನನ್ನು ಬರೆಯದೆ ಉಳಿಸುತ್ತದೆ, ಅದರಲ್ಲಿ ಹೆಸರಿಗೂ ಕಥನಕ್ಕೂ ಇರುವ ಸಂಬಂಧ ಎಂಥದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಸ್ಮಾರಕವನ್ನು ಅದರ ನೆರೆಯಲ್ಲೇ ಇರುವ ಇಂಡಿಯಾ ಗೇಟಿನಿಂದ ಬೇರ್ಪಡಿಸಿ ಓದಲಾಗದು. ಅಖಿಲ ಭಾರತ ಯುದ್ಧಸ್ಮಾರಕವೆಂಬ ಮೂಲ ಹೆಸರಿನ ಈ ಕಮಾನಿಗೆ 1921ರ ಫೆಬ್ರವರಿ 10ರಂದು ಕನಾಟಿನ ಡ್ಯೂಕ್ ಅಡಿಗಲ್ಲನ್ನಿಟ್ಟನು. ಎಡ್ವಿನ್ ಲಟ್ಯೆನ್ಸ್ ರೂಪಿಸಿದ ಈ 42 ಮೀಟರ್ ಎತ್ತರದ ಕಟ್ಟಡವನ್ನು 1931ರ ಫೆಬ್ರವರಿ 12ರಂದು ವೈಸರಾಯ್ ಇರ್ವಿನ್ ಉದ್ಘಾಟಿಸಿದನು. ಮೊದಲ ಮಹಾಯುದ್ಧದಲ್ಲಿ ಮಡಿದ ಸುಮಾರು 70,000 ಭಾರತೀಯ ಸೈನಿಕರ ಹೆಸರುಗಳೆಲ್ಲವೂ ಇದರ ಮೇಲಿವೆ ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಪ್ರವಾಸಿ ಕೈಪಿಡಿಗಳೂ ಇದನ್ನೇ ಪುನರುಚ್ಚರಿಸುತ್ತ ಬಂದಿವೆ. ವಾಸ್ತವದಲ್ಲಿ ಅಲ್ಲಿ ಕೆತ್ತಿರುವ ಹೆಸರುಗಳು 13,000ಕ್ಕೆ ತುಸು ಹೆಚ್ಚು. ಕಮಾನಿನ ನೆತ್ತಿಯ ಮೇಲಿನ ಬರಹವೇ ಈ ವ್ಯತ್ಯಾಸವನ್ನು ಸ್ಪಷ್ಟಪಡಿಸುತ್ತದೆ: ಫ್ರಾನ್ಸ್, ಮೆಸೊಪೊಟೇಮಿಯ, ಪೂರ್ವ ಆಫ್ರಿಕ, ಗಲಿಪೊಲಿ ಮೊದಲಾದೆಡೆ ಬಿದ್ದವರಿಗೆ ಅದು ಒಟ್ಟಾಗಿ ಗೌರವ ಸಲ್ಲಿಸುತ್ತದೆ, ಹೆಸರು ಕೊಡುವುದು ಭಾರತದಲ್ಲಿ, ವಾಯವ್ಯ ಗಡಿಯಲ್ಲಿ ಮತ್ತು 1919ರ ಮೂರನೆಯ ಆಫ್ಘನ್ ಯುದ್ಧದಲ್ಲಿ ಸತ್ತವರಿಗೆ. ಅಂದರೆ ಒಂದೇ ಕಲ್ಲಿನ ಮೇಲೆ ಎರಡು ಬಗೆಯ ಸ್ಮರಣೆಗಳಿವೆ. ದೂರದಲ್ಲಿ ಸತ್ತವರಿಗೆ ರಣಭೂಮಿಯ ಹೆಸರು, ಹತ್ತಿರದಲ್ಲಿ ಸತ್ತವರಿಗೆ ಅವರವರ ಹೆಸರು. ಆ ಹೆಸರುಗಳ ನಡುವೆ 1919ರಲ್ಲಿ ಸತ್ತ ಒಬ್ಬ ದಾದಿಯ ಹೆಸರೂ ಇದೆಯೆಂಬುದು ಗಮನಾರ್ಹ.

ದೂರದಲ್ಲಿ ಸತ್ತವರ ಹೆಸರುಗಳನ್ನು ಅಲ್ಲಲ್ಲಿಯೇ ಕೆತ್ತುವುದು ಈ ವ್ಯವಸ್ಥೆಯ ಹಿಂದಿನ ತರ್ಕ. 1917ರಲ್ಲಿ ಸ್ಥಾಪಿತವಾದ ಇಂಪೀರಿಯಲ್ ಯುದ್ಧಸಮಾಧಿ ಆಯೋಗವು ದರ್ಜೆ, ಜನಾಂಗ, ಮತಗಳ ಭೇದವಿಲ್ಲದೆ ಮಡಿದ ಪ್ರತಿಯೊಬ್ಬನನ್ನೂ ಸಮಾನವಾಗಿ ಸ್ಮರಿಸುವುದಾಗಿ ಘೋಷಿಸಿಕೊಂಡಿತ್ತು. ಫ್ರಾನ್ಸಿನ ನವ್-ಶಪೆಲ್‌ನಲ್ಲಿ 1927ರಲ್ಲಿ ಅನಾವರಣಗೊಂಡ, ಹರ್ಬರ್ಟ್ ಬೇಕರ್ ವಿನ್ಯಾಸದ ಸ್ಮಾರಕದಲ್ಲಿ ಈ ಮಾತು ಬಹುಮಟ್ಟಿಗೆ ನಿಜವಾಯಿತು. ಸಮಾಧಿಯ ಗುರುತು ಸಿಗದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳು ಅಲ್ಲಿವೆ. ಮೆಸೊಪೊಟೇಮಿಯದ ಕಥೆ ಬೇರೆ. ಭಾರತೀಯ ಸೇನೆ ಅತಿ ಹೆಚ್ಚು ಪ್ರಾಣಹಾನಿ ಅನುಭವಿಸಿದ ಆ ರಂಗದ ನೆನಪಿಗಾಗಿ 1929ರಲ್ಲಿ ಬಸ್ರಾದಲ್ಲಿ ನಿಂತ ಸ್ಮಾರಕವು 40,000ಕ್ಕೂ ಹೆಚ್ಚು ಜನರದು. ಅದರ ಫಲಕಗಳ ಮೇಲೆ ಬ್ರಿಟಿಷ್ ಸೈನಿಕರ ಹೆಸರುಗಳಿವೆ, ಭಾರತೀಯ ಅಧಿಕಾರಿಗಳ ಹೆಸರುಗಳೂ ಇವೆ. ಭಾರತದ ಸಾಮಾನ್ಯ ಸಿಪಾಯಿಗಳ ವಿಷಯದಲ್ಲಿ ಮಾತ್ರ ದಳದ ಹೆಸರನ್ನು ಬರೆದು, ಅದರ ಕೆಳಗೆ ಇಷ್ಟು ಮಂದಿ ಎಂಬ ಸಂಖ್ಯೆಯನ್ನು ಕೆತ್ತಲಾಯಿತು. ಯೂರೋಪಿನ ಕಣ್ಣಿಗೆ ಬೀಳುವ ನೆಲದಲ್ಲಿ ಹೆಸರು, ಬೀಳದ ನೆಲದಲ್ಲಿ ಸಂಖ್ಯೆ ಎಂದು ಇದನ್ನು ಅರ್ಥೈಸಿದರೆ ತಪ್ಪಾಗದು.

ಈ ಅಸಮಾನತೆಯನ್ನು ಆ ಸಂಸ್ಥೆಯ ಉತ್ತರಾಧಿಕಾರಿಯಾದ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗ ಅಧಿಕೃತವಾಗಿ ಒಪ್ಪಿಕೊಂಡದ್ದು 2021ರ ಏಪ್ರಿಲ್‌ನಲ್ಲಿ. ಆಗ ಪ್ರಕಟವಾದ ವಿಶೇಷ ಸಮಿತಿಯ ವರದಿಯ ಪ್ರಕಾರ 45,000ದಿಂದ 54,000 ಮಂದಿ ಅಸಮಾನವಾಗಿ ಸ್ಮರಿಸಲ್ಪಟ್ಟಿದ್ದಾರೆ. ಕನಿಷ್ಠ 1,16,000 ಮಂದಿ, ಪ್ರಾಯಶಃ 3,50,000ದವರೆಗೆ, ಹೆಸರಿನಿಂದ ಸ್ಮರಿಸಲ್ಪಟ್ಟಿಲ್ಲ, ಇಲ್ಲವೇ ಬಹುಶಃ ಯಾವ ರೀತಿಯಿಂದಲೂ ಸ್ಮರಿಸಲ್ಪಟ್ಟಿಲ್ಲ. ಇವರಲ್ಲಿ ಹೆಚ್ಚಿನವರು ಭಾರತ, ಪೂರ್ವ ಹಾಗೂ ಪಶ್ಚಿಮ ಆಫ್ರಿಕ, ಈಜಿಪ್ಟ್ ಮತ್ತು ಸೊಮಾಲಿಯ ನೆಲದವರು. ಇಷ್ಟನ್ನು ವಿವರಿಸಲು ಕಾರಣವಿದೆ. ಹೆಸರು ಕೆತ್ತುವುದು ಕೇವಲ ಅಲಂಕಾರವೆಂದೋ ಆಡಳಿತದ ವಾಡಿಕೆಯೆಂದೋ ಭಾವಿಸುವವರು ಬಸ್ರಾದ ಫಲಕಗಳನ್ನು ನೆನೆಯಬೇಕು. ವಸಾಹತು ಪ್ರಜೆಯ ಪಾಲಿಗೆ ಹೆಸರೆಂಬುದು ತಾನಾಗಿ ದೊರೆತ ಗೌರವವಾಗಿರಲಿಲ್ಲ. ದೆಹಲಿಯ ಹೊಸ ಸ್ಮಾರಕದ ಸಾಲುಸಾಲು ಹೆಸರುಗಳನ್ನು ಈ ಹಿನ್ನೆಲೆಯಲ್ಲಿಯೇ ಬೆಲೆಕಟ್ಟಬೇಕಾಗುತ್ತದೆ.

ಸ್ವತಂತ್ರ ಭಾರತ ತನ್ನ ಮೊದಲ ರಾಷ್ಟ್ರೀಯ ಸ್ಮಾರಕವನ್ನು ರೂಪಿಸಿಕೊಂಡಾಗ ಹೆಸರಿನ ದಾರಿ ಹಿಡಿಯಲಿಲ್ಲವೆಂಬುದು ಕುತೂಹಲಕರ. 1971ರ ಯುದ್ಧದ ಬೆನ್ನಿಗೆ ಇಂಡಿಯಾ ಗೇಟಿನ ಕಮಾನಿನಡಿ ನಿರ್ಮಿಸಿ, 1972ರ ಜನವರಿ 26ರಂದು ಪ್ರಧಾನಿ ಇಂದಿರಾ ಗಾಂಧಿಯವರು ಉದ್ಘಾಟಿಸಿದ ಅಮರ್ ಜವಾನ್ ಜ್ಯೋತಿಯಲ್ಲಿದ್ದುದು ಕಪ್ಪು ಅಮೃತಶಿಲೆಯ ಪೀಠ, ತಲೆಕೆಳಗಾಗಿ ನಿಲ್ಲಿಸಿದ ಬಂದೂಕು, ಅದರ ಮೇಲೊಂದು ಶಿರಸ್ತ್ರಾಣ, ಆರದ ದೀಪ. ಯಾರೊಬ್ಬರ ಹೆಸರೂ ಇಲ್ಲ. ಗುರುತು ಸಿಗದ ಯೋಧನ ಸಮಾಧಿಯೇ ಆಧುನಿಕ ರಾಷ್ಟ್ರೀಯತೆಯ ಅತ್ಯಂತ ಸ್ಪಷ್ಟವಾದ ಲಾಂಛನವೆಂದು ಬೆನೆಡಿಕ್ಟ್ ಆ್ಯಂಡರ್ಸನ್ ‘ಇಮ್ಯಾಜಿನ್ಡ್ ಕಮ್ಯುನಿಟೀಸ್’ (1983) ಗ್ರಂಥದಲ್ಲಿ ವಾದಿಸಿದ್ದಾನೆ. ಹೆಸರಿಲ್ಲದಿರುವುದರಿಂದಲೇ ಅಂಥ ಸಮಾಧಿಯಲ್ಲಿ ರಾಷ್ಟ್ರ ತನ್ನನ್ನು ತಾನು ಕಾಣಬಲ್ಲುದು. ಅಮರ್ ಜವಾನ್ ಜ್ಯೋತಿ ಈ ಮಾತಿಗೆ ಒಪ್ಪುವ ನಿದರ್ಶನ. ಆದರೆ ಅದು ನಿಂತದ್ದು ವಸಾಹತು ಸೇನೆಯವರ ಹೆಸರುಗಳನ್ನು ಹೊತ್ತ ಕಮಾನಿನ ಅಡಿಯಲ್ಲಿ. ಮೇಲೆ ಹೆಸರುಗಳಿದ್ದವು, ಅವುಗಳಿಗೆ ದೀಪವಿರಲಿಲ್ಲ. ಕೆಳಗೆ ದೀಪವಿತ್ತು, ಅದಕ್ಕೆ ಹೆಸರುಗಳಿರಲಿಲ್ಲ. ಸುಮಾರು ಐವತ್ತು ವರ್ಷ ರಾಷ್ಟ್ರದ ಗಣರಾಜ್ಯೋತ್ಸವದ ಗೌರವ ಸಲ್ಲುತ್ತಿದ್ದುದು ಈ ವಿಚಿತ್ರ ಸಂಯೋಜನೆಗೆ.

ರಾಷ್ಟ್ರೀಯ ಯುದ್ಧಸ್ಮಾರಕದ ಬೇಡಿಕೆ 1960ರಷ್ಟು ಹಳೆಯದು. ಕೇಂದ್ರ ಸಂಪುಟದ ಒಪ್ಪಿಗೆ ದೊರೆತದ್ದು 2015ರಲ್ಲಿ. ಜಾಗತಿಕ ಸ್ಪರ್ಧೆಯೊಂದರಲ್ಲಿ ಆಯ್ಕೆಯಾದದ್ದು ಚೆನ್ನೈನ ಯೋಗೇಶ್ ಚಂದ್ರಹಾಸನ್ ಅವರ ವಿನ್ಯಾಸ. ಸುಮಾರು 40 ಎಕರೆಯ ಪ್ರದೇಶದಲ್ಲಿ ಒಂದೇ ಕೇಂದ್ರವುಳ್ಳ ನಾಲ್ಕು ವೃತ್ತಗಳಿವೆ. ನಡುವೆ ಸ್ತಂಭ ಮತ್ತು ಜ್ಯೋತಿಯಿರುವ ಅಮರ ಚಕ್ರ. ಅದರ ಸುತ್ತ ಕಂಚಿನ ಉಬ್ಬುಶಿಲ್ಪಗಳ ವೀರತಾ ಚಕ್ರ. ಅನಂತರ ಹದಿನಾರು ಗೋಡೆಗಳ ಮೇಲೆ ಹೆಸರುಗಳಿರುವ ತ್ಯಾಗ ಚಕ್ರ. ಹೊರಗೆ ಮರಗಳ ಸಾಲಿನ ರಕ್ಷಕ ಚಕ್ರ. ಕಟ್ಟಡವನ್ನು ನೆಲದ ಮಟ್ಟಕ್ಕಿಂತ ಮೇಲೆತ್ತದೆ ತಗ್ಗಿಸಿರುವುದರಿಂದ ಇಂಡಿಯಾ ಗೇಟಿನೊಡನೆ ಅದು ಎತ್ತರದ ಪೈಪೋಟಿಗೆ ಇಳಿಯುವುದಿಲ್ಲ. ವಿನ್ಯಾಸದ ಸಂಯಮವಾಗಿ ಇದು ಮೆಚ್ಚತಕ್ಕ ಅಂಶ.

ಈ ವೃತ್ತಗಳ ಕಲ್ಪನೆಗೆ ಮಹಾಭಾರತದ ಚಕ್ರವ್ಯೂಹ ಪ್ರೇರಣೆಯೆಂದು ಅಧಿಕೃತ ವಿವರಣೆಗಳು ಹೇಳುತ್ತವೆ. ಚಕ್ರವ್ಯೂಹವೆಂದೊಡನೆ ಕನ್ನಡ ಓದುಗನಿಗೆ ನೆನಪಾಗುವುದು ಸೇನಾರಚನೆಯ ಕೌಶಲವಲ್ಲ, ಅಭಿಮನ್ಯು. ಕುಮಾರವ್ಯಾಸನ ದ್ರೋಣಪರ್ವದಿಂದ ಯಕ್ಷಗಾನದ ಅಭಿಮನ್ಯು ಕಾಳಗದವರೆಗೆ ಈ ನಾಡು ಆ ವ್ಯೂಹವನ್ನು ಒಳಹೊಗುವುದು ತಿಳಿದು ಹೊರಬರುವುದು ತಿಳಿಯದ ಬಾಲಕನೊಬ್ಬನನ್ನು ಹಿರಿಯರು ಮುಂದೆ ಕಳಿಸಿದ ಪ್ರಸಂಗವಾಗಿಯೇ ಕಂಡಿದೆ. ಹಿಂದೆ ಬರುತ್ತೇವೆಂದವರು ಬರಲಾಗಲಿಲ್ಲ. ರಕ್ಷಣೆಯ ಸಂಕೇತವಾಗಿ ಆಯ್ದ ಆಕಾರ ಹೀಗೆ ತನ್ನ ಉದ್ದೇಶವನ್ನು ಮೀರಿದ ಅರ್ಥವನ್ನು ಹೊತ್ತುಕೊಂಡಿದೆ. ವಿನ್ಯಾಸಕಾರರು ಇದನ್ನು ಎಣಿಸಿದ್ದರೋ ಇಲ್ಲವೋ, ಯುದ್ಧದಲ್ಲಿ ಸತ್ತವರ ಸ್ಮಾರಕಕ್ಕೆ ಇದಕ್ಕಿಂತ ಸತ್ಯವಾದ, ಇದಕ್ಕಿಂತ ಅಹಿತಕರವಾದ ರೂಪಕ ಸಿಗುವುದು ಕಷ್ಟ.

ಸ್ಮಾರಕದ ಹೃದಯಭಾಗ ತ್ಯಾಗ ಚಕ್ರವೇ. ಇಟ್ಟಿಗೆಯ ಹಾಗೆ ಜೋಡಿಸಿದ ಗ್ರಾನೈಟ್ ಫಲಕಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು, ಹೊಂಬಣ್ಣದ ಅಕ್ಷರ. 1947-48ರ ಕಾಶ್ಮೀರ ಯುದ್ಧದಿಂದ ಮೊದಲುಗೊಂಡು 1961ರ ಗೋವ, 1962, 1965, 1971, ಸಿಯಾಚಿನ್, ಶ್ರೀಲಂಕಾ, 1999ರ ಕಾರ್ಗಿಲ್‌ಗಳಲ್ಲಿ ಸತ್ತವರೂ ವಿಶ್ವಸಂಸ್ಥೆಯ ಶಾಂತಿಪಾಲನೆಯಲ್ಲಿ ಸತ್ತವರೂ ಇಲ್ಲಿ ಸೇರಿದ್ದಾರೆ. ಅಧಿಕಾರಿಯ ಫಲಕ ದೊಡ್ಡದಲ್ಲ, ಸಿಪಾಯಿಯದು ಚಿಕ್ಕದಲ್ಲ. ಗೆದ್ದ ಯುದ್ಧ, ಸೋತ ಯುದ್ಧ, ಇಂದಿಗೂ ಅಭಿಪ್ರಾಯಭೇದವಿರುವ ಯುದ್ಧ ಎಂಬ ವಿಂಗಡಣೆಯೂ ಇಲ್ಲ. ಬಸ್ರಾದಲ್ಲಿ ಸಂಖ್ಯೆಯಾಗಿ ಉಳಿದವನ ಮಕ್ಕಳು ಮೊಮ್ಮಕ್ಕಳ ಪಾಲಿಗೆ ಇದು ಸಣ್ಣ ಗಳಿಕೆಯಲ್ಲ. ಹೊಸ ಹೆಸರುಗಳಿಗೆ ಅವಕಾಶವಿರಿಸಲಾಗಿದ್ದು, 2020ರ ಜೂನ್‌ನಲ್ಲಿ ಗಲ್ವಾನ್ ಕಣಿವೆಯಲ್ಲಿ ಮಡಿದ ಇಪ್ಪತ್ತು ಮಂದಿಯ ಹೆಸರುಗಳು ಅನಂತರ ಸೇರಿದವು.

ಆದರೆ ಈ ಹೆಸರುಗಳು ಮೌನವಾಗಿವೆ. ಇವನು ಎಲ್ಲಿ, ಯಾರ ಎದುರು, ಏನು ಮಾಡುತ್ತ ಸತ್ತನೆಂಬುದನ್ನು ತ್ಯಾಗ ಚಕ್ರದ ಕಲ್ಲು ಹೇಳುವುದಿಲ್ಲ. ಹೇಳುವ ಕೆಲಸವನ್ನು ಪಕ್ಕದ ವೃತ್ತಕ್ಕೆ ವಹಿಸಲಾಗಿದೆ. ವೀರತಾ ಚಕ್ರದಲ್ಲಿ ರಾಮ್ ಸುತಾರ್ ಅವರು ರೂಪಿಸಿದ ಆರು ಕಂಚಿನ ಉಬ್ಬುಶಿಲ್ಪಗಳಿವೆ: ತಿಥ್ವಾಲ್, ರೆಜಾಂಗ್ ಲಾ, ಗಂಗಾಸಾಗರ, ಲೋಂಗೆವಾಲ, ಆಪರೇಷನ್ ಟ್ರೈಡೆಂಟ್, ಆಪರೇಷನ್ ಮೇಘದೂತ್. ಪಟ್ಟಿಯನ್ನು ತುಸು ನಿಧಾನವಾಗಿ ನೋಡಬೇಕು. ಆರರಲ್ಲಿ ಮೂರು 1971ರ ಡಿಸೆಂಬರಿನ ಮೊದಲ ವಾರದವು. 1965ರ ಯುದ್ಧಕ್ಕೆ ಶಿಲ್ಪವಿಲ್ಲ. ಸಾಮಾನ್ಯ ಭಾರತೀಯನ ಮನಸ್ಸಿನಲ್ಲಿ ಅತ್ಯಂತ ಹಸಿಯಾಗಿರುವ 1999ರ ಕಾರ್ಗಿಲ್‌ಗೂ ಇಲ್ಲ. ಸಾವಿರಕ್ಕೂ ಮಿಕ್ಕಿ ಸೈನಿಕರು ಸತ್ತ ಶ್ರೀಲಂಕಾ ಕಾರ್ಯಾಚರಣೆಗೆ ಇರುವ ಸಾಧ್ಯತೆಯೂ ಇರಲಿಲ್ಲ. ಕೊಲಂಬೊದ ಸಮೀಪ ಬತ್ತರಮುಲ್ಲದಲ್ಲಿ ಶ್ರೀಲಂಕಾ ಸರಕಾರವೇ ಅವರಿಗಾಗಿ ಕಟ್ಟಿದ ಸ್ಮಾರಕ 2008ರಲ್ಲಿ ತೆರೆದಿತ್ತು. ತಮ್ಮ ರಾಜಧಾನಿಯಲ್ಲಿ ಆ ಹೆಸರುಗಳು ಕಲ್ಲಿಗೇರಲು ಮತ್ತೆ ಹನ್ನೊಂದು ವರ್ಷ ಬೇಕಾಯಿತು. ಸೋಲಿನ ಯುದ್ಧವೊಂದರ ಘಟನೆಯಾದ ರೆಜಾಂಗ್ ಲಾ ಈ ಆರರಲ್ಲಿ ಸ್ಥಾನ ಪಡೆದಿರುವುದು ಆಯ್ಕೆದಾರರ ವಿವೇಚನೆಗೆ ಸಾಕ್ಷಿ. 1962ರ ನವೆಂಬರ್ 18ರಂದು ಕುಮಾವೂಂ ದಳದ ಒಂದು ತುಕಡಿ ಬಹುಪಾಲು ಅಲ್ಲಿಯೇ ನಿಂತು ಸತ್ತಿತು. ಹೆಪ್ಪುಗಟ್ಟಿದ ದೇಹಗಳು ದೊರೆತದ್ದು ಮರುವರ್ಷ. ಆದರೆ ಆ ಶಿಲ್ಪವನ್ನು ನೋಡಿದವನು ಅಲ್ಲಿ ಬಿದ್ದವರ ಹೆಸರು ತಿಳಿಯಬೇಕಾದರೆ ಬೇರೊಂದು ವೃತ್ತಕ್ಕೆ ಹೋಗಿ, ಗಣಕಯಂತ್ರದ ಪರದೆಯ ನೆರವಿನಿಂದ ಹುಡುಕಬೇಕು. ಕಥೆಯಿರುವಲ್ಲಿ ಹೆಸರಿಲ್ಲ, ಹೆಸರಿರುವಲ್ಲಿ ಕಥೆಯಿಲ್ಲ. ಎರಡೂ ಕೂಡಿರುವುದು ಪರಮ ಯೋಧ ಸ್ಥಳದಲ್ಲಿ ಮಾತ್ರ. ಅಲ್ಲಿ ಪರಮವೀರ ಚಕ್ರ ಪಡೆದ 21 ಮಂದಿಯ ಎದೆಮಟ್ಟದ ಪ್ರತಿಮೆಗಳಿವೆ. ಅವರೆಲ್ಲ ರಣದಲ್ಲಿ ಮಡಿದವರಲ್ಲ. ಕಾರವಾರ ಸಮೀಪದ ಚೆಂಡಿಯಾದಲ್ಲಿ ಹುಟ್ಟಿ, 1948ರ ಸಾಹಸಕ್ಕೆ ಆ ಪದಕ ಪಡೆದ ರಾಮ ರಾಘೋಬ ರಾಣೆಯವರು ಬದುಕಿದ್ದು 1994ರವರೆಗೆ. ಮಡಿದ ಇಪ್ಪತ್ತಾರು ಸಾವಿರದಷ್ಟು ಮಂದಿಗೆ ಬರಿಯ ಹೆಸರು, ಪದಕ ಪಡೆದ ಇಪ್ಪತ್ತೊಂದು ಮಂದಿಗೆ ಮುಖ ಮತ್ತು ಕಥೆ ಎಂಬ ಈ ಹಂಚಿಕೆ ತ್ಯಾಗ ಚಕ್ರದ ಸಮಾನತೆಯ ತತ್ತ್ವವನ್ನು ಪಕ್ಕದಲ್ಲಿಯೇ ಸಡಿಲಿಸುತ್ತದೆ.

ಹೆಸರು ಮತ್ತು ಕಥನಗಳ ಈ ಅಗಲಿಕೆ ಅನಿವಾರ್ಯವೇ ಎಂದು ಕೇಳುವಾಗ ವೀರಗಲ್ಲು ನೆರವಿಗೆ ಬರುತ್ತದೆ. ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಪ್ರಸಿದ್ಧ ಗಂಗರ ಕಾಲದ ಕಲ್ಲನ್ನು ತೆಗೆದುಕೊಳ್ಳಬಹುದು. ಎರೆಯಪ್ಪನ ಅಪ್ಪಣೆಯಂತೆ ವೀರಮಹೇಂದ್ರನ ವಿರುದ್ಧ ತುಂಬೆಪಾಡಿಯಲ್ಲಿ ಕಾದಿ ನಾಗತ್ತರ ಸತ್ತನೆಂದು ಬರಹ ಹೇಳುತ್ತದೆ. ಅದೇ ಕಲ್ಲಿನ ಮೇಲೆ ಆನೆ, ಕುದುರೆ, ಬಿದ್ದ ಆಳುಗಳಿಂದ ಕಿಕ್ಕಿರಿದ ರಣದ ಚಿತ್ರವಿದೆ. ಬರಹ ಅಲ್ಲಿಗೆ ಮುಗಿಯುವುದಿಲ್ಲ. ನಾಗತ್ತರನ ಪಟ್ಟವನ್ನು ಇರುಗನಿಗೆ ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ ವಿಷಯ ದಾಖಲಾಗಿದೆ. ಸತ್ತವನ ಹೆಸರು, ಸತ್ತ ಸ್ಥಳ, ಕಳಿಸಿದವನ ಹೆಸರು, ಎದುರಾಳಿ, ಕಾಳಗದ ಚಿತ್ರ, ಅವನ ಸಾವಿಗಾಗಿ ಪ್ರಭು ಒಪ್ಪಿಕೊಂಡ ಋಣ ಇವೆಲ್ಲವೂ ಒಂದೇ ಕಲ್ಲಿನಲ್ಲಿವೆ. ಕಲ್ನಾಡು, ನೆತ್ತರುಗೊಡಗೆ, ಬಾಳ್ಗಚ್ಚು ಮೊದಲಾದ ಪಾರಿಭಾಷಿಕ ಪದಗಳೇ ಹೇಳುವಂತೆ ವೀರಗಲ್ಲು ಸ್ಮಾರಕವೂ ಹೌದು, ದಾನಪತ್ರವೂ ಹೌದು. ದತ್ತಿಯನ್ನು ಕೆಡಿಸಿದವನಿಗೆ ಬರೆಯುವ ಶಾಪಾಶಯ ಊರವರೆಲ್ಲ ಓದುವಂತೆ, ಓದಿಸಿ ಕೇಳುವಂತೆ ಇರುತ್ತಿತ್ತು.

ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಕಲ್ಲು ಈ ದೃಷ್ಟಿಯಿಂದ ಇನ್ನಷ್ಟು ಬೋಧಪ್ರದ. ತಕ್ಕೋಲದ ಯುದ್ಧವನ್ನು ದಾಖಲಿಸುವ ಈ ಶಾಸನ ಮುಖ್ಯವಾಗಿ ಮಣಲೆರನ ಕಾಳಿ ಎಂಬ ನಾಯಿಗೆ, ಹಂದಿಯೊಡನೆ ಹೋರಾಡಿ ಸತ್ತುದಕ್ಕೆ, ನಿಲ್ಲಿಸಿದ ಕಲ್ಲು. ಅದರ ಪೂಜೆಗೆ ಭೂಮಿ ಬಿಡಲಾಗಿದೆ. ಪೂಜೆ ಮಾಡದೆ ಉಂಡ ಗೊರವನಿಗೆ ನಾಯಿ ಮಾಡಿದ ಪಾಪ ತಟ್ಟುತ್ತದೆ. ಇಲ್ಲಿ ಸ್ಮರಣೆಗೆ ಹೊಣೆಗಾರನೊಬ್ಬನಿದ್ದಾನೆ, ಅವನಿಗೆ ದಿನಚರಿಯಿದೆ, ತಪ್ಪಿದರೆ ದಂಡನೆಯಿದೆ. ಆಧುನಿಕ ರಾಷ್ಟ್ರವೂ ತನ್ನ ಮೃತ ಯೋಧನ ಕುಟುಂಬಕ್ಕೆ ಋಣಿಯೇ. ಆದರೆ ಆ ಋಣ ಪಿಂಚಣಿಯ ಕಡತಕ್ಕೆ ಸೇರಿತು, ಹೆಸರು ಕಲ್ಲಿಗೆ ಸೇರಿತು. ಕಡತವನ್ನು ಊರು ಓದಲಾರದು. ಸೈನಿಕನ ವಿಧವೆ ಕಚೇರಿಯಿಂದ ಕಚೇರಿಗೆ ಅಲೆಯುವಾಗ ಅವಳ ಪರವಾಗಿ ಸಾಕ್ಷಿ ಹೇಳುವ ಶಕ್ತಿ ತ್ಯಾಗ ಚಕ್ರದ ಫಲಕಕ್ಕೆ ಇಲ್ಲ; ಬೇಗೂರಿನ ಕಲ್ಲಿಗೆ ಅಂಥ ಶಕ್ತಿಯಿತ್ತು.

ಹೀಗೆಂದು ವೀರಗಲ್ಲನ್ನು ಆದರ್ಶೀಕರಿಸುವುದು ಚರಿತ್ರೆಗೆ ಬಗೆಯುವ ಅಪಚಾರವಾಗುತ್ತದೆ. ಕಲ್ಲು ನಿಲ್ಲುತ್ತಿದ್ದುದು ನಿಲ್ಲಿಸುವವರಿದ್ದವರಿಗೆ. ನಾಗತ್ತರನ ಹೆಸರು ಉಳಿಯಿತು. ಆ ಚಿತ್ರದ ಕೆಳಭಾಗದಲ್ಲಿ ಬಿದ್ದಿರುವ ಆಳುಗಳು ಯಾರೆಂಬುದು ಉಳಿಯಲಿಲ್ಲ. ತುರುಗೊಳ್, ಊರಳಿವು, ಪೆಣ್ಬುಯ್ಯಲ್ ಸಂದರ್ಭಗಳಲ್ಲಿ ತುರುವನ್ನು ಮರಳಿಸಿದವನಿಗೆ ಕಲ್ಲಿದೆ. ಸೆರೆಹೋಗಲಿದ್ದ ಹೆಣ್ಣು ಅದರಲ್ಲಿ ಬರುವುದು ಕಾರಣವಾಗಿ ಮಾತ್ರ. ಮೇಲಿನ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ಸ್ವರ್ಗಕ್ಕೆ ಒಯ್ಯುವ ಚಿತ್ರಣ ಸಾವಿನ ನೋವನ್ನು ಮರೆಸುವ ಉಪಾಯವೂ ಆಗಿತ್ತೆಂಬುದನ್ನು ಅಲ್ಲಗಳೆಯಲಾಗದು. ಆದರೂ ಒಂದು ಮಾತು ಉಳಿಯುತ್ತದೆ. ಶಾಸನದ ಭಾಷೆ ನೇರ: ಕಾದಿ ಸತ್ತನು, ಇರಿದು ಸತ್ತನು. ಇಂದಿನ ವರದಿಗಳು, ಭಾಷಣಗಳು ಸತ್ತ ಪ್ರತಿಯೊಬ್ಬನನ್ನೂ ‘ಹುತಾತ್ಮ’ ಎಂಬ ಒಂದೇ ಪದದಲ್ಲಿ ಅಡಗಿಸಿಬಿಡುತ್ತವೆ. ಪದದ ಘನತೆ ಹೆಚ್ಚಿದಂತೆ ವಿವರ ಕಡಿಮೆಯಾಗುತ್ತದೆ.

ಇಪ್ಪತ್ತಾರು ಸಾವಿರ ಮಂದಿಗೆ ಇಪ್ಪತ್ತಾರು ಸಾವಿರ ಕಥೆಗಳನ್ನು ಕೆತ್ತಲಾಗುವುದಿಲ್ಲವೆಂಬ ಆಕ್ಷೇಪ ಸಹಜ. ಆದರೆ ಕಥನಕ್ಕೆ ವಾಕ್ಯಗಳೇ ಬೇಕೆಂದಿಲ್ಲ. ಹೆಸರುಗಳ ಅನುಕ್ರಮವೇ ಕಥನವಾಗಬಲ್ಲುದು. ವಾಷಿಂಗ್ಟನ್ನಿನಲ್ಲಿ ಮಾಯಾ ಲಿನ್ ರೂಪಿಸಿದ ವಿಯೆಟ್ನಾಂ ಯೋಧರ ಸ್ಮಾರಕದಲ್ಲಿ (1982) 58,000ಕ್ಕೂ ಹೆಚ್ಚು ಹೆಸರುಗಳಿವೆ. ಅವು ಅಕಾರಾದಿಯಲ್ಲಿಲ್ಲ, ದರ್ಜೆಯ ಕ್ರಮದಲ್ಲಿಯೂ ಇಲ್ಲ, ಬಲಿಯಾದ ದಿನದ ಕ್ರಮದಲ್ಲಿವೆ. ಒಂದೇ ದಿನ, ಒಂದೇ ಗುಡ್ಡದ ಮೇಲೆ ಬಿದ್ದವರು ಗೋಡೆಯ ಮೇಲೂ ಜೊತೆಯಲ್ಲಿಯೇ ಇರುತ್ತಾರೆ. ಆ ಯುದ್ಧ ನ್ಯಾಯವೋ ಅನ್ಯಾಯವೋ ಎಂಬ ಬಗ್ಗೆ ಗೋಡೆ ಒಂದಕ್ಷರವನ್ನೂ ಹೇಳದೆ, ಹೆಸರುಗಳ ದಟ್ಟಣೆಯಿಂದಲೇ ಯುದ್ಧ ಏರಿದ ಇಳಿದ ವರ್ಷಗಳನ್ನು ತಿಳಿಸುತ್ತದೆ.

ದೆಹಲಿಯ ಹೆಸರುಗಳ ಚರ್ಚೆ ಸಾರ್ವಜನಿಕವಾಗಿ ಎದ್ದದ್ದು 2022ರ ಜನವರಿ 21ರಂದು, ಅಮರ್ ಜವಾನ್ ಜ್ಯೋತಿಯನ್ನು ಹೊಸ ಸ್ಮಾರಕದ ಜ್ಯೋತಿಯಲ್ಲಿ ಲೀನಗೊಳಿಸಿದಾಗ. 1971ರ ಮತ್ತಿತರ ಯುದ್ಧಗಳ ಯೋಧರಿಗೆ ಗೌರವ ಸಲ್ಲುವಲ್ಲಿ ಅವರ ಹೆಸರೇ ಇಲ್ಲ, ಇಂಡಿಯಾ ಗೇಟಿನ ಹೆಸರುಗಳು ವಸಾಹತು ಕಾಲದವು ಎಂಬುದು ಸರಕಾರದ ಕಡೆಯಿಂದ ಬಂದ ಸಮರ್ಥನೆ. ಅರ್ಧ ಶತಮಾನದ ದೀಪವನ್ನು ಆರಿಸಲಾಯಿತೆಂಬುದು ವಿರೋಧಿಸಿದವರ ನೋವು. ಶಾಸನದೃಷ್ಟಿಯಿಂದ ಮೊದಲ ವಾದದಲ್ಲಿ ಹುರುಳಿದೆ. ದೀಪ ಮತ್ತು ಹೆಸರು ಒಂದೆಡೆ ಸೇರಿದ್ದು ಯುಕ್ತವೇ. ಅದೇ ವರ್ಷದ ಮೇ ತಿಂಗಳಲ್ಲಿ ಬಂದೂಕು ಮತ್ತು ಶಿರಸ್ತ್ರಾಣವೂ ಪರಮ ಯೋಧ ಸ್ಥಳಕ್ಕೆ ಹೋದವು. ಆದರೆ ಆ ವಾದ ತನ್ನ ದ್ವಿತೀಯಾರ್ಧದಲ್ಲಿ ಮುಗ್ಗರಿಸುತ್ತದೆ. ವಸಾಹತು ಸೇನೆಯಲ್ಲಿ ಸತ್ತವರೂ ಈ ನೆಲದ ರೈತರ ಮಕ್ಕಳೇ. ದೆಹಲಿಯ ತೀನ್ ಮೂರ್ತಿಯ ಮೂರು ಕಂಚಿನ ಯೋಧರು ಹೈದರಾಬಾದು, ಜೋಧಪುರ, ಮೈಸೂರು ಸಂಸ್ಥಾನಗಳ ಅಶ್ವದಳಗಳನ್ನು ಪ್ರತಿನಿಧಿಸುತ್ತಾರೆ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಹಿಡಿದ ಜೋಧಪುರ, ಮೈಸೂರು ಲ್ಯಾನ್ಸರ್‌ಗಳ ನೆನಪಿಗೆ 2018ರಲ್ಲಿ ಆ ವೃತ್ತಕ್ಕೆ ಹೈಫಾ ಹೆಸರನ್ನು ಸೇರಿಸಿದ್ದು ಇದೇ ಗಣರಾಜ್ಯ. ಒಂದು ಕಲ್ಲಿನ ಬಳಿ ವಸಾಹತು ಕಾಲದ ಸೈನಿಕ ನಮ್ಮವನಾಗಿ, ಕೆಲವೇ ಕಿಲೋಮೀಟರ್ ಆಚೆಯ ಇನ್ನೊಂದು ಕಲ್ಲಿನ ಬಳಿ ಪರಕೀಯನಾಗುವುದು ತರ್ಕಕ್ಕೆ ನಿಲ್ಲುವುದಿಲ್ಲ. ಇಂಡಿಯಾ ಗೇಟಿನ ಆ ಹೆಸರುಗಳಿಗೆ ಈಗ ಕೆಳಗೆ ದೀಪವೂ ಇಲ್ಲ.

ಕರ್ನಾಟಕದಲ್ಲಿ ಈ ಎಲ್ಲ ಎಳೆಗಳು ಕೂಡುವ ತಾಣವೊಂದಿದೆ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ಬಳಿಯ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ ನಿಲ್ಲಿಸಿರುವ ಸುಮಾರು 75 ಅಡಿ ಎತ್ತರದ ಏಕಶಿಲೆಗೆ ‘ವೀರಗಲ್ಲು’ ಎಂದೇ ಹೆಸರಿಡಲಾಗಿದೆ. ಸ್ವಾತಂತ್ರ್ಯೋತ್ತರ ಯುದ್ಧಗಳಲ್ಲಿ ಮಡಿದವರ ಹೆಸರಿನ ಫಲಕಗಳು ಅದೇ ಆವರಣದಲ್ಲಿವೆ. ಹಳೆಯ ವೀರಗಲ್ಲು ಆಳೆತ್ತರದ್ದು. ಕೆರೆಯ ಏರಿಯ ಮೇಲೆ, ಗುಡಿಯ ಮಗ್ಗುಲಲ್ಲಿ, ಹೊಲದ ಬದುವಿನಲ್ಲಿ ನಿಂತು ಹೋಗಿಬರುವವರ ಕಣ್ಣಮಟ್ಟದಲ್ಲಿ ಮಾತಾಡುತ್ತಿತ್ತು. ಈ ಕಂಬವನ್ನು ಕತ್ತೆತ್ತಿ ನೋಡಬೇಕು. ಅಲ್ಲಿಯೂ ಹೆಸರುಗಳು ಬೇರೆ, ಕಲ್ಲು ಬೇರೆ. ಅಲ್ಲಿಂದ ಬಹು ದೂರವಿಲ್ಲದ ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದಲ್ಲಿ ಬೇಗೂರಿನ ಕಲ್ಲೂ ಆತಕೂರಿನ ಕಲ್ಲೂ ಇವೆ.